ದೊಡ್ಡವ್ವನ ದನಿಗೆ ಕುಣಿದವರು

ನಾಶಿಕ್
10 ಜುಲೈ 2025

ಪ್ರೀತಿಯ ಸುಮನಕ್ಕಾ,

ಬಂತು ಅಕ್ಕಾ, ನಮ್ಮ ರೆಕಾರ್ಡು ಬಂತು, ಅದರ ಮೇಲೆ ದೊಡ್ಡವ್ವನ ಹೆಸರೂ ಬಂತು! ಮದುವೆಯಾಗಿ ಎರಡು ತಿಂಗಳು ತುಂಬಿಲ್ಲ, ಆಗಲೇ ನನ್ನ ಗಂಡ ಉತ್ಕರ್ಷ ಒಂದು ಇಡೀ ರೆಕಾರ್ಡಿನ ಒಡೆಯ. ಈ ಪತ್ರದ ಜೊತೆ ಇರುವ ಕರೀ ತಟ್ಟೆ ಅದೇ. ನಿಜವಾದದ್ದು, ಮುಳ್ಳು ಇಟ್ಟು ನುಡಿಸುವಂಥದ್ದು! ಕೆಲವೇ ಕೆಲವು ಮಾಡಿಸಿದ್ದಾರೆ, ಅದರಲ್ಲಿ ಒಂದು ನಿಮ್ಮದು. ಹೊದಿಕೆಯ ಹಿಂಭಾಗ ನೋಡು. ಮೊದಲನೇ ಹಾಡು ‘ಏಳೋ’, ಅದರ ಕೆಳಗೆ ‘ದನಿ: ಕಮಲಾಬಾಯಿ’. ಅದನ್ನು ನೋಡಿ ನಾನು ಕೊರಿಯರ್‌ನವನ ಎದುರಿಗೇ ಕುಣಿದುಬಿಟ್ಟೆ. ‘ಕಾಯ್ ಝಾಲಂ ಮ್ಯಾಡಂ?’ ಅಂತ, ಏನಾಯಿತೋ ಎಂದು ಗಾಬರಿಯಾಗಿ ಅವನು ಎರಡು ಮೆಟ್ಟಿಲು ಹಿಂದೆ ಸರಿದ.

ಯಾವಾಗಲೂ ಓದುವ ಹಾಗೆ ಇದನ್ನೂ ದೊಡ್ಡವ್ವನಿಗೆ ಜೋರಾಗಿ ಓದಿ ಹೇಳು. ದೊಡ್ಡವ್ವಾ, ಕೇಳಿಸುತ್ತಾ? ನೀನೀಗ ಸ್ಟಾರ್!

ಫೋನು ಇರುವಾಗ ಪತ್ರ ಯಾಕೆ ಅಂತ ಉತ್ಕರ್ಷ ನಗುತ್ತಾನೆ. ಓಝರ್ ವಿಮಾನ ಕಾರ್ಖಾನೆ ಕಾಲೊನಿಯ ಇಂಗ್ಲಿಷ್ ಶಾಲೆಯ ಹುಡುಗಿಗೆ ಕನ್ನಡ ಕಲಿಸಿದ್ದು ನಿನ್ನ ಪತ್ರಗಳು, ನಾನು ಬರೆದದ್ದನ್ನು ನೀನು ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸುತ್ತಿದ್ದೆ ಅಂತ ಹೇಳಿದೆ. ‘ಸೋ ಕ್ಯೂಟ್’ ಅಂದ. ಪಾಪ, ಅವನಿಗೆ ಕನ್ನಡ ಅಡುಗೆಮನೆಯಲ್ಲಿ ಕೇಳಿಸಿಕೊಂಡಷ್ಟೇ. ಅವನಮ್ಮ ಧಾರವಾಡದ ಕನ್ನಡದಲ್ಲಿ ಬೈದರೆ ಇವನು ಮರಾಠಿಯಲ್ಲಿ ಕ್ಷಮೆ ಕೇಳುತ್ತಾನೆ.

ರೆಕಾರ್ಡು ಹುಟ್ಟಿದ್ದು ನಿನ್ನಿಂದಲೇ, ಗೊತ್ತಾ? ದೊಡ್ಡವ್ವನಿಗೆ ಮಂಡಿ ನೋವು, ಮದುವೆಗೆ ಬರಲ್ಲ, ಸೋಬಾನೆ ಹಾಡುವವರು ಯಾರು ಅಂತ ನಾನು ಅತ್ತಾಗ ನೀನು ಹಳೇ ಫೋನಿನಲ್ಲಿದ್ದ ಅವಳ ಹಾಡುಗಳನ್ನೆಲ್ಲ ಒಟ್ಟಿಗೆ ಕಳಿಸಿದೆಯಲ್ಲ? ಅರಿಶಿನದ ದಿನ ಅವನ್ನೇ ಹಾಕಿದೆವು. ಆಮೇಲೆ ಉತ್ಕರ್ಷ ಒಂದೊಂದಾಗಿ ಕೇಳುತ್ತಾ ಕೂತ. ಅವನಂಥ ಡಿಜೆಗಳ ಕೆಲಸದಲ್ಲಿ ಬೇಕಾದದ್ದು ಒಂಟಿ ದನಿ. ಹಿಂದೆ ಬೇರೇನಾದರೂ ಇದ್ದರೆ ಕತ್ತರಿಸಿ ಜೋಡಿಸಲು ಬರುವುದಿಲ್ಲ. ನೀನು ಕಳಿಸಿದ್ದರಲ್ಲೆಲ್ಲ ಬಳೆ ಸದ್ದು, ಚಪ್ಪಾಳೆ, ಕುಕ್ಕರಿನ ಸೀಟಿ, ಮಗು ಅಳುವುದು. ಒಂದರಲ್ಲಿ ಮಾತ್ರ ದೊಡ್ಡವ್ವ ಒಬ್ಬಳೇ. ಸ್ಟುಡಿಯೋದಲ್ಲಿ ಹಾಡಿದ ಹಾಗೆ! ‘ರುಚೀ, ಯೇ ತೋ ಸೋನಾ ಹೈ’ ಅಂತ ಕೂಗಿದ.

ಹೋದ ಭಾನುವಾರ ಮಧ್ಯಾಹ್ನ ದಿಂಡೋರಿ ಹತ್ತಿರದ ದ್ರಾಕ್ಷಿ ತೋಟದಲ್ಲಿ ಮೊದಲ ಸಲ ಹಾಕಿದ. ಮೊದಲು ಬರೀ ಡ್ರಮ್ಮಿನ ಪೆಟ್ಟು, ಎದೆಬಡಿತದ ಹಾಗೆ ಧಪ್ ಧಪ್ ಧಪ್ ಧಪ್. ಅದು ಏರಿ ಏರಿ ಒಮ್ಮೆಲೇ ನಿಲ್ಲುತ್ತದೆ. ಎಲ್ಲರೂ ಉಸಿರು ಹಿಡಿದಿರುತ್ತಾರೆ. ಆಗ ದೊಡ್ಡವ್ವ ಒಬ್ಬಳೇ: ‘ಏಳೋ!’ ಅಷ್ಟೇ, ಧಡ್ ಅಂತ ಎಲ್ಲ ಒಟ್ಟಿಗೆ ಬಿದ್ದು, ನೂರಾರು ಜನ ಕೈ ಎತ್ತಿ ನೆಗೆದರು ಅಕ್ಕಾ. ಎರಡನೇ ಸಲಕ್ಕೆ ಅವರೇ ಕೂಗುತ್ತಿದ್ದರು. ಕನ್ನಡದ ಒಂದಕ್ಷರ ಬಾರದ ಹುಡುಗರು! ನಾನು ಚಪ್ಪಲಿ ಬಿಚ್ಚಿ ಕುಣಿದೆ.

ಆಗಸ್ಟ್ 17ಕ್ಕೆ ಅಲ್ಲೇ ರೆಕಾರ್ಡಿನ ದೊಡ್ಡ ಕಾರ್ಯಕ್ರಮ. ದೊಡ್ಡವ್ವನೇ ಮುಖ್ಯ ಅತಿಥಿ, ಇಲ್ಲ ಅನ್ನಬಾರದು. ಮುಂಬೈಯ ಒಂದು ದೊಡ್ಡ ಕಂಪನಿ ಇದನ್ನು ಎಲ್ಲಾ ಕಡೆ ತರುತ್ತೇವೆ ಅಂದಿದೆ. ಅದಕ್ಕೆ ದೊಡ್ಡವ್ವನದೊಂದು ಸಣ್ಣ ಸಹಿ ಬೇಕಂತೆ, ಬಂದಾಗ ಹಾಕಿದರಾಯಿತು.

ತಪ್ಪುಗಳನ್ನು ತಿದ್ದು, ಆದರೆ ಬೈಯಬೇಡ.

ನಿನ್ನ ಹುಚ್ಚು ತಂಗಿ
ರುಚಿತಾ


ಛತ್ರಪತಿ ಸಂಭಾಜಿನಗರ
19 ಜುಲೈ 2025

ಪ್ರೀತಿಯ ರುಚಿತಾ,

ಪತ್ರ, ರೆಕಾರ್ಡು ಎರಡೂ ಕ್ಷೇಮವಾಗಿ ತಲುಪಿದವು. ನಿನಗೂ ಉತ್ಕರ್ಷರಿಗೂ ನಮ್ಮಿಬ್ಬರ ಅಭಿನಂದನೆ. ಇದನ್ನು ನುಡಿಸುವ ಯಂತ್ರ ನಮ್ಮಲ್ಲಿಲ್ಲ. ನಮ್ಮ ಬ್ಯಾಂಕಿನ ಯಾರ ಮನೆಯಲ್ಲೂ ಇಲ್ಲ. ಆದರೂ ಅವ್ವನ ಸಂಭ್ರಮಕ್ಕೆ ಅಡ್ಡಿಯಾಗಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು, “ಇದರಾಗ ನಾ ಎಲ್ಲಿ ಅದೀನಿ?” ಅಂತ ಗೆರೆಗಳನ್ನು ಬೆರಳಿಂದ ಸವರಿದಳು.

ಪಕ್ಕದ ಮನೆಯ ಪಾರ್ವತಿಬಾಯಿ ಬಂದು ನೋಡಿ, “ತವಾ ಇದ್ದಂಗ ಐತಲ್ರಿ ಕಮಲಾಬಾಯಿ. ಇದರ ಮ್ಯಾಲೆ ಎರಡು ದ್ವಾಸಿ ಹಾಕಿಬಿಡ್ರಿ” ಅಂದರು.

“ಹಾಕತೇನಿ. ತಿಂದವರು ಹಾಡಬೇಕಾಗತೈತಿ ಮತ್ತ. ನಿಮ್ಮ ದನಿಗೆ ಓಣಿ ನಾಯಿ ಎಲ್ಲಾ ಎದ್ದು ಕುಂತಾವು” ಅಂದಳು ಅವ್ವ.

ಅವಳು ಹೀಗೆ ಮಾತಿಗೆ ಮಾತು ಕೊಟ್ಟು ಎಷ್ಟು ದಿನವಾಗಿತ್ತೋ. ನಿನಗೆ ಒಂದು ವಿಷಯ ಹೇಳಬೇಕು. ಮದುವೆಗೆ ಬರದಿದ್ದದ್ದಕ್ಕೆ ಮಂಡಿ ಒಂದು ನೆಪ. ಸೋಬಾನೆ ಹಾಡು ಅಂತ ಎಲ್ಲರೂ ಕೇಳುತ್ತಾರೆ ಎಂದು ಹೆದರಿದ್ದಳು. ಅರವಿಂದ ಹೋದ ಮೇಲೆ ಅವಳು ಬಾಯಿ ಬಿಟ್ಟು ಹಾಡಿಲ್ಲ, ಜೋಗುಳವನ್ನೂ ಇಲ್ಲ, ಆರತಿಯನ್ನೂ ಇಲ್ಲ. ತಮ್ಮನ ಜೊತೆಗೇ ಮನೆಯಿಂದ ಅದೂ ಹೋಯಿತು ಅಂತ ನಾನು ಸುಮ್ಮನಾಗಿದ್ದೆ. ನಿನ್ನ ಪತ್ರ ಬಂದ ಮರುದಿನ ಹಿಟ್ಟು ನಾದುತ್ತಾ ಏನೋ ಗುನುಗಿದಳು. ನಾನು ನಲ್ಲಿ ಬಂದ್ ಮಾಡಿ ನಿಂತು ಕೇಳಿದೆ. ಕೇಳುತ್ತಿದ್ದೇನೆ ಅಂತ ಗೊತ್ತಾದರೆ ನಿಲ್ಲಿಸುತ್ತಾಳೆಂದು ಮತ್ತೆ ನಲ್ಲಿ ಬಿಟ್ಟೆ. ಇದಕ್ಕಾಗಿ ನಿನಗೆ ಎಷ್ಟು ಋಣಿಯಾಗಿದ್ದರೂ ಸಾಲದು.

17ಕ್ಕೆ ಬರುತ್ತೇವೆ. ಇಳಕಲ್ಲ ಸೀರೆಯನ್ನು ಈಗಲೇ ಇಸ್ತ್ರಿಗೆ ಕೊಟ್ಟಿದ್ದಾಳೆ.

ಒಂದೇ ಒಂದು ಅನುಮಾನ. ‘ಏಳೋ’ ಅಂತ ಬರುವ ಸೋಬಾನೆ ಯಾವುದೋ ಅವ್ವನಿಗೂ ನೆನಪಾಗುತ್ತಿಲ್ಲ, ನನಗೂ ಇಲ್ಲ. ಸಾಲುಗಳನ್ನು ಬರೆದು ಕಳಿಸು. ಮತ್ತೆ, ಗಂಡನ ಹೆಸರು ಹಿಡಿದು ಬರೆದಿದ್ದೀ ಅಂತ ಅವ್ವ ಕೆನ್ನೆಗೆ ಕೈ ಹಚ್ಚಿಕೊಂಡಳು. ಅದು ತಪ್ಪಲ್ಲ, ನಾನು ತಿದ್ದುವುದಿಲ್ಲ.

ನಿನ್ನ ಅಕ್ಕ
ಸುಮನ


ನಾಶಿಕ್
26 ಜುಲೈ 2025

ಅಕ್ಕಾ, ಅಕ್ಕಾ, ಅಕ್ಕಾ,

ದೊಡ್ಡವ್ವ ಗುನುಗಿದಳಾ! ನಾನು ಅಡುಗೆ ಕಟ್ಟೆ ಮೇಲೆ ಕೂತು ಅತ್ತೆ, ಖುಷಿಗೆ. ಉತ್ಕರ್ಷನಿಗೆ ಹೇಳಿದೆ. ‘ಅದಕ್ಕೇ ನಾನು ಈ ಕೆಲಸ ಮಾಡೋದು’ ಅಂದ. ಇಂಥ ಗಂಡನನ್ನು ಹೆಸರು ಹಿಡಿಯದೆ ಹೇಗೆ ಕರೆಯಲಿ ಹೇಳು!

17ಕ್ಕೆ ದೊಡ್ಡವ್ವ ಬರೀ ಕೂತರೆ ಸಾಲದು, ಹಾಡಬೇಕು. ರೆಕಾರ್ಡಿನಲ್ಲಿ ಅವಳ ದನಿ ಬರುವ ಜಾಗದಲ್ಲಿ ಇವನು ಎಲ್ಲ ನಿಲ್ಲಿಸುತ್ತಾನೆ, ದೊಡ್ಡವ್ವ ಮೈಕಿನಲ್ಲಿ ‘ಏಳೋ’ ಅನ್ನಬೇಕು. ಯೋಚಿಸಿ ನೋಡು, ದ್ರಾಕ್ಷಿ ಬಳ್ಳಿಗಳ ನಡುವೆ, ಇಳಕಲ್ಲ ಸೀರೆ ಉಟ್ಟು!

ಸಾಲುಗಳನ್ನು ನಾನೇ ಹೆಡ್‌ಫೋನ್ ಹಾಕಿಕೊಂಡು ಕೇಳಿ ಬರೆದಿದ್ದೇನೆ. ಮದುಮಗನನ್ನು ಎಬ್ಬಿಸುವ ಹಾಡು ಅಂತ ನಾವು ಅಂದುಕೊಂಡಿದ್ದೇವೆ, ಸರಿ ತಾನೇ?

‘ಏಳೋ ನನ್ನಪ್ಪಾ ಏಳೋ, ಹೊತ್ತು ಏರೈತಿ ಏಳೋ
ಬಿಸಿ ರೊಟ್ಟಿ ಆರತಾವ, ಬುತ್ತಿ ಕಟ್ಟೀನಿ ಏಳೋ
ಕಂಪನಿ ಬಸ್ಸು ನಿಂತೈತಿ, ಹೆಸರ ಹಿಡದ ಕರೀತೈತಿ
ಹೆಂಗ ಹೇಳಲಿ ಮಲಗ್ಯಾನಂತ, ಏಳೋ ನನ್ನ ಅರಸಾ’

ಎಷ್ಟು ಮುದ್ದಾಗಿದೆ! ಸೋಬಾನೆಯಲ್ಲಿ ಕಂಪನಿ ಬಸ್ಸು! ದೊಡ್ಡವ್ವನೇ ಕಟ್ಟಿದ್ದಾ? ಮೂಲದಲ್ಲಿ ಬಹಳ ನಿಧಾನವಾಗಿದೆ, ಅವಳಿಗೆ ಆವತ್ತು ನೆಗಡಿಯೂ ಆಗಿತ್ತೇನೋ. ಇವನು ವೇಗ ಹೆಚ್ಚಿಸಿ, ದನಿಯನ್ನು ಸ್ವಲ್ಪ ಮೇಲಕ್ಕೆ ಎತ್ತಿದ್ದಾನೆ. ಕೊನೆಯ ‘ಅರಸಾ’ ಆದ ಮೇಲೆ ಉಸಿರು ಸಿಕ್ಕಿಕೊಂಡ ಹಾಗೆ ಒಂದು ಸಣ್ಣ ‘ಹ್ಞಕ್’ ಬರುತ್ತದೆ. ಇವನು ಅದನ್ನೇ ಕತ್ತರಿಸಿ ತಾಳ ಮಾಡಿದ್ದಾನೆ, ಹ್ಞಕ್-ಹ್ಞಕ್-ಹ್ಞಕ್ ಅಂತ ಡ್ರಮ್ಮಿನ ಜೊತೆ ಓಡುತ್ತದೆ. ಇಡೀ ರೆಕಾರ್ಡಿನ ಜೀವವೇ ಅದು ಅಂತ ಎಲ್ಲರೂ ಹೇಳುತ್ತಾರೆ. ಹುಡುಗರು ಅದನ್ನು ಮಾಡಿ ತೋರಿಸುತ್ತಾ ಭುಜ ಕುಣಿಸುತ್ತಾರೆ.

ಯಂತ್ರ ಬೇಡ, ನಿನ್ನ ವಾಟ್ಸಾಪಿಗೆ ಲಿಂಕ್ ಕಳಿಸಿದ್ದೇನೆ. ಒತ್ತಿದರೆ ಬರುತ್ತದೆ. ಸೌಂಡ್ ಜಾಸ್ತಿ ಇಟ್ಟು, ದೊಡ್ಡವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳು. ಅವಳ ಮುಖ ಹೇಗಾಯಿತು ಅಂತ ಪೂರ್ತಿ ಬರೆ!

ರುಚಿ


ಛತ್ರಪತಿ ಸಂಭಾಜಿನಗರ
4 ಆಗಸ್ಟ್ 2025

ರುಚಿತಾ,

ಇದಕ್ಕೆ ಉತ್ತರವನ್ನು ಬ್ಯಾಂಕಿನ ವಿಳಾಸಕ್ಕೆ ಬರೆ. ಮನೆಗೆ ಬೇಡ. ಮನೆಯಲ್ಲಿ ಫೋನೂ ಬೇಡ, ಅವ್ವ ಸ್ಪೀಕರ್ ಹಾಕಿಸುತ್ತಾಳೆ.

ನಿನ್ನ ಪತ್ರವನ್ನು ಅವಳಿಗೆ ಅರ್ಧ ಓದಿ ನಿಲ್ಲಿಸಿದೆ. ಮುಂದೇನು ಅಂದಳು. ಗಂಡ-ಹೆಂಡಿರ ಜಗಳದ ಸುದ್ದಿ, ನಿನಗೆ ಓದಿ ಹೇಳುವಂಥದ್ದಲ್ಲ ಅಂದೆ. ನಕ್ಕಳು.

ಲಿಂಕನ್ನು ಬ್ಯಾಂಕಿನಲ್ಲಿ ಊಟದ ವೇಳೆಗೆ ಒಬ್ಬಳೇ ಕೇಳಿದೆ. ಪೂರ್ತಿ ಅಲ್ಲ.

17ಕ್ಕೆ ನಾವು ಬರುವುದಿಲ್ಲ. ಅವ್ವನ ಮಂಡಿ ಮತ್ತೆ ಊದಿದೆ. ಸಹಿಯನ್ನೂ ಹಾಕುವುದಿಲ್ಲ. ದಯವಿಟ್ಟು ಉತ್ಕರ್ಷರಿಗೆ ಹೇಳು, ಉಳಿದ ಹಾಡುಗಳೇನಾದರೂ ಇರಲಿ, ಈ ಒಂದನ್ನು ಎಲ್ಲಿಯೂ ಹಾಕಬಾರದು. ಕಾರಣ ಬರೆಯಲು ಇವತ್ತು ನನ್ನಿಂದ ಆಗುತ್ತಿಲ್ಲ. ಅಕ್ಕ ಕೇಳುತ್ತಿದ್ದಾಳೆ ಎನ್ನುವುದಷ್ಟೇ ಸಾಕಾಗಲಿ.

ಸುಮನ


ನಾಶಿಕ್
9 ಆಗಸ್ಟ್ 2025

ಸುಮನಕ್ಕಾ,

ನಿನ್ನ ಪತ್ರ ಬಂದ ದಿನವೇ ನಾನು ಪಾರ್ವತಿಬಾಯಿಯವರ ಫೋನಿಗೆ ಮಾಡಿ ದೊಡ್ಡವ್ವನ ಹತ್ತಿರ ಮಾತಾಡಿದೆ. ಹೆದರಬೇಡ, ನಿನ್ನ ಪತ್ರದ ಸುದ್ದಿ ಎತ್ತಲಿಲ್ಲ. ಮಂಡಿ ಹೇಗಿದೆ ಅಂದೆ. “ನನ್ನ ಮಂಡಿಗೇನಾಗೈತಿ? ಮುಂಜಾನೆ ಬಾಜಾರಕ್ಕ ನಡಕೋತ ಹೋಗಿ ಬಂದೆ. ಹದಿನೇಳರ ದಾರಿನs ಕಾಯಾಕತ್ತೀನಿ” ಅಂದಳು. ನನಗೆ ಸುಳ್ಳು ಯಾಕೆ ಹೇಳಿದೆ ಅಕ್ಕಾ?

ಕಾರಣ ಬರೆಯಲು ಆಗುವುದಿಲ್ಲ ಅಂದೆ. ನಾನೇ ಬರೆಯುತ್ತೇನೆ. ನಿನಗೆ ನಾಚಿಕೆ. ಬ್ಯಾಂಕಿನ ಆಫೀಸರಮ್ಮನ ತಾಯಿಯ ದನಿಗೆ ವೈನ್ ಗ್ಲಾಸು ಹಿಡಿದವರು, ಗಿಡ್ಡ ಬಟ್ಟೆ ಹಾಕಿದವರು ಕುಣಿಯುತ್ತಾರೆ ಅನ್ನುವ ನಾಚಿಕೆ. ಮದುವೆಯಲ್ಲಿ ಬ್ಯಾಂಡಿಗೆ ಕುಣಿದರೆ ಸರಿ, ಕ್ಲಬ್ಬಿನಲ್ಲಿ ಕುಣಿದರೆ ಹಾಳು! ಉತ್ಕರ್ಷನ ಅಪ್ಪನೂ ಹೀಗೇ ಅನ್ನುತ್ತಾರೆ, ‘ಡಿಜೆ ಅಂದರೆ ಏನು ಉದ್ಯೋಗ’ ಅಂತ. ನೀನಾದರೂ ಬೇರೆ ಅಂದುಕೊಂಡಿದ್ದೆ.

ಇನ್ನೊಂದು ಹೇಳುತ್ತೇನೆ, ಸಿಟ್ಟಾಗು ಬೇಕಾದರೆ. ನಾಲ್ಕು ವರ್ಷದಿಂದ ದೊಡ್ಡವ್ವನನ್ನು ಅರವಿಂದಣ್ಣನ ಫೋಟೋ ಎದುರು ಕೂರಿಸಿಕೊಂಡು ಇದ್ದೀಯ. ಅವಳು ಹಾಡುವುದನ್ನು ಬಿಟ್ಟದ್ದು ನಿನಗೆ ಒಗ್ಗಿಹೋಗಿದೆ. ಯಾರೋ ಹೊರಗಿನ ಹುಡುಗ ಬಂದು ಅವಳನ್ನು ಎಬ್ಬಿಸಿದ್ದು ನಿನಗೆ ಸಹಿಸಲಾಗುತ್ತಿಲ್ಲ.

ಕಾರ್ಯಕ್ರಮ ನಡೆಯುತ್ತದೆ. ಹಾಡೂ ನಡೆಯುತ್ತದೆ. ಗಣಪತಿ ಮುಗಿದ ಮೇಲೆ ನಾವೇ ಬಂದು ದೊಡ್ಡವ್ವನ ಸಹಿ ತೆಗೆದುಕೊಳ್ಳುತ್ತೇವೆ. ಅವಳನ್ನು ತಡೆದವಳು ನೀನು ಅನ್ನುವುದನ್ನು ನಾನು ನೆನಪಿಟ್ಟುಕೊಳ್ಳುತ್ತೇನೆ.

ಇದರಲ್ಲಿ ತಪ್ಪಿದ್ದರೆ ತಿದ್ದುವುದು ಬೇಡ.

ರುಚಿತಾ


ಛತ್ರಪತಿ ಸಂಭಾಜಿನಗರ
13 ಆಗಸ್ಟ್ 2025

ರುಚಿತಾ,

ನಿನ್ನೆ ಎರಡು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಎತ್ತದೇ ಇದ್ದದ್ದು ಒಳ್ಳೆಯದೇ ಆಯಿತು. ಇದನ್ನು ಬಾಯಿ ಬಿಟ್ಟು ಹೇಳಹೋದರೆ ನಾನೂ ಅವ್ವನ ಹಾಗೆ ಹಾಡಿಕೊಂಡು ಅಳುತ್ತೇನೆ.

ನೀನು ಕಾಲೊನಿಯಲ್ಲಿ ಬೆಳೆದವಳು, ಕಂಡಿರಲಿಕ್ಕಿಲ್ಲ. ನಮ್ಮ ಕಡೆ ಸತ್ತವರ ಮುಂದೆ ಹೆಂಗಸರು ಸುಮ್ಮನೆ ಅಳುವುದಿಲ್ಲ. ಹಾಡಿಕೊಂಡು ಅಳುತ್ತಾರೆ. ಸತ್ತವನನ್ನು ಏಳು ಅಂತ ಕರೆಯುತ್ತಾರೆ, ಅವನು ತಿಂದದ್ದು, ಉಟ್ಟದ್ದು, ಹೋಗಬೇಕಾಗಿದ್ದ ಕೆಲಸ ಎಲ್ಲ ಎತ್ತಿ ಆಡುತ್ತಾರೆ. ಆ ಸಾಲುಗಳನ್ನು ಯಾರೂ ಕಲಿತಿರುವುದಿಲ್ಲ, ಆ ಗಳಿಗೆಯಲ್ಲಿ ಬರುತ್ತವೆ. ಎರಡನೇ ಸಲ ಹಾಡುವುದಿಲ್ಲ. ಅತ್ತು ಬಂದವರು ಬಾಯಿ ಮುಕ್ಕಳಿಸದೆ ಮನೆಯೊಳಗೆ ಮಾತಾಡುವುದಿಲ್ಲ. ಅವ್ವ ಊರಲ್ಲಿ ಸೋಬಾನೆಗೆ ಎಷ್ಟು ಹೆಸರಾಗಿದ್ದಳೋ ಇದಕ್ಕೂ ಅಷ್ಟೇ. ಯಾರೂ ಕರೆಯದಿದ್ದರೂ ಹೋಗಿ ಎರಡನ್ನೂ ಹಾಡುತ್ತಿದ್ದಳು.

2021ರ ಮೇ ತಿಂಗಳಲ್ಲಿ, ಕೊರೊನಾ ಕಾಲದಲ್ಲಿ, ಅರವಿಂದನನ್ನು ಆಸ್ಪತ್ರೆಯಿಂದ ನೇರವಾಗಿ ಸುಡುಗಾಡಿಗೆ ಒಯ್ದರು. ನಿಮಗೆ ಯಾರಿಗೂ ಬರಲಾಗಲಿಲ್ಲ, ನಮ್ಮನ್ನೂ ಬಿಡಲಿಲ್ಲ. ಅಲ್ಲಿ ಇದ್ದದ್ದು ಅವನ ಕಂಪನಿಯ ಗೆಳೆಯ ಜಯರಾಮ ಒಬ್ಬ. ಅವ್ವ ಗೋಡೆಗೆ ಹಣೆ ಬಡಿದುಕೊಳ್ಳುತ್ತಾ ಒಂದೇ ಮಾತು ಹೇಳಿದಳು: “ಕರೀದs ಹೆಂಗ ಕಳಸಲಿ? ನನ್ನ ದನಿ ಕೇಳದs ಹೊಕ್ಕಾನ ಅಂವ.” ಆಗ ನಾನು ಈ ಉಪಾಯ ಮಾಡಿದೆ. ಒಳಕೋಣೆಯ ಬಾಗಿಲು, ಕಿಟಕಿ ಮುಚ್ಚಿ, ಫ್ಯಾನು ಆರಿಸಿ, ಅವಳ ಮುಂದೆ ಫೋನು ಹಿಡಿದೆ. ಅವಳು ಅದಕ್ಕೆ ಹಾಡಿಕೊಂಡು ಅತ್ತಳು. ಅದನ್ನು ಜಯರಾಮನಿಗೆ ಕಳಿಸಿದೆ. ಬೆಂಕಿ ಇಡುವ ಮುಂಚೆ ಅವನು ತನ್ನ ಫೋನನ್ನು ಅರವಿಂದನ ತಲೆಯ ಕಡೆ ಇಟ್ಟು ಪೂರ್ತಿ ಹಾಕಿದ.

ಉತ್ಕರ್ಷರಿಗೆ ಸಿಕ್ಕಿದ ಒಂಟಿ ದನಿ ಅದು. ಬಳೆಯ ಸದ್ದು ಇರಲಿಲ್ಲ ಯಾಕೆಂದರೆ ಜೊತೆಗೆ ಕೂತು ಅಳಲು ಯಾರನ್ನೂ ಒಳಗೆ ಬಿಡುವಂತಿರಲಿಲ್ಲ. ಕಂಪನಿ ಬಸ್ಸು ಅವನದೇ. ಅವನ ಫ್ಯಾಕ್ಟರಿಯ ಬಸ್ಸು ದಿನಾ ನಮ್ಮ ತಿರುವಿನಲ್ಲಿ ನಿಂತು ಹಾರ್ನ್ ಹೊಡೆಯುತ್ತಿತ್ತು. ಮತ್ತು ನೀನು ಬರೆದ ಆ ‘ಹ್ಞಕ್’. ಅಲ್ಲಿ ಅವಳು ನಿಲ್ಲಿಸಿ, “ಅಂವಗ ಕೇಳಸತೈತೇನ?” ಅಂತ ನನ್ನನ್ನು ನೋಡಿದಳು. ನಾನು ಹೂಂ ಅಂತ ತಲೆಯಾಡಿಸಿದೆ. ನನ್ನ ದನಿ ಬೀಳಬಾರದೆಂದು ಬಾಯಿ ಬಿಡಲಿಲ್ಲ. ಅವಳ ಮಾತನ್ನು ತೆಗೆದು, ಅದಕ್ಕೆ ಮುಂಚಿನ ಬಿಕ್ಕನ್ನು ಮಾತ್ರ ಇಟ್ಟುಕೊಂಡಿದ್ದಾರೆ.

ಆ ಮೇಲೆ ಅದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಸೋಬಾನೆ ಬೇಕು ಅಂತ ನೀನು ಕೇಳಿದಾಗ ಒಂದೊಂದಾಗಿ ತೆರೆದು ನೋಡುವ ಧೈರ್ಯವಿಲ್ಲದೆ ಎಲ್ಲವನ್ನೂ ಒಟ್ಟಿಗೆ ಕಳಿಸಿದೆ. ಅದು ಅದರಲ್ಲಿದ್ದೀತು ಅಂತ ಹೊಳೆಯಲೇ ಇಲ್ಲ.

ಅವಳನ್ನು ಫೋಟೋ ಎದುರು ಕೂರಿಸಿದ್ದೇನೆ ಅಂದೆ. ಇರಬಹುದು. ಈಗ ಆ ಫೋಟೋ ಪಕ್ಕದಲ್ಲಿ ಅವಳು ನಿಮ್ಮ ರೆಕಾರ್ಡನ್ನು ಇಟ್ಟು ಕುಂಕುಮ ಹಚ್ಚಿದ್ದಾಳೆ. “ನಿಮ್ಮವ್ವ ಮತ್ತ ಹಾಡಾಕತ್ತಾಳ ನೋಡೋ” ಅಂತ ಅವನಿಗೆ ಹೇಳುತ್ತಾಳೆ.

17ರ ಕಾರ್ಯಕ್ರಮ ಮುಂದಕ್ಕೆ ಹೋಗಿದೆ ಅಂತ ಅವಳಿಗೆ ಹೇಳಿದ್ದೇನೆ. ನಿಜ ಅವಳಿಗೆ ಗೊತ್ತಾಗಬಾರದು. ನನಗೆ ಬೇಕಾದದ್ದು ಅಷ್ಟೇ.

ಸುಮನ


ನಾಶಿಕ್
24 ಆಗಸ್ಟ್ 2025

ಅಕ್ಕಾ,

ನಡುವೆ ಸಾಲು ಸಾಲು ರಜೆ ಬಂತು. ನಿನ್ನ ಪತ್ರ ನನಗೆ ಸಿಕ್ಕಿದ್ದು 18ಕ್ಕೆ. ಹಿಂದಿನ ದಿನ ಕಾರ್ಯಕ್ರಮ ಮುಗಿದಿತ್ತು. ಬಹಳ ಚೆನ್ನಾಗಿ ಆಯಿತು ಅಂತ ಎಲ್ಲರೂ ಹೇಳಿದರು.

ಎಷ್ಟು ಸಲ ಬರೆಯಲು ಕೂತೆ. ಕ್ಷಮಿಸು ಅನ್ನುವುದನ್ನು ಬರೆದು ಹರಿದೆ. ನಾನು 9ನೇ ತಾರೀಖು ಬರೆದ ಪತ್ರವನ್ನು ನೀನೂ ಹರಿದುಹಾಕು. ಹಾಕಿದರೂ ನಿನಗೆ ನೆನಪಿರುತ್ತದೆ, ಗೊತ್ತು.

ಉತ್ಕರ್ಷನಿಗೆ ನಿನ್ನ ಪತ್ರವನ್ನು ಓದಿ, ಅರ್ಥವಾಗದ ಕಡೆ ಇಂಗ್ಲಿಷಿನಲ್ಲಿ ಹೇಳಿದೆ. ಅವನ ಕಣ್ಣು ತುಂಬಿತು. ನಿಜವಾಗಿ ತುಂಬಿತು ಅಕ್ಕಾ, ನಾಟಕ ಅಲ್ಲ. ನನ್ನ ಕೈ ಹಿಡಿದುಕೊಂಡ. ಆಮೇಲೆ, “ರುಚೀ, ಇದು ನನಗೆ ಗೊತ್ತೇ ಇರಲಿಲ್ಲ. ಆದರೂ ಆ ಫೈಲನ್ನೇ ಆರಿಸಿದೆ. ನೋಡು, ಅದರ ಶಕ್ತಿ ಎಲ್ಲಿಂದ ಬಂದಿದ್ದು ಅಂತ ಈಗ ತಿಳೀತು” ಅಂದ. “ಇದನ್ನು ಜನರಿಗೆ ಹೇಳೋಣ. ಎರಡನೇ ಸಲ ಅಚ್ಚು ಹಾಕಿಸುವಾಗ ಹೊದಿಕೆಯ ಮೇಲೆ ಈ ಕಥೆ ಬರೆಯೋಣ. ಮರ್ಯಾದೆಯಿಂದ. ಅರವಿಂದನ ಫೋಟೋ ಸಿಗುತ್ತಾ?”

ಫೋಟೋ ಸಿಗುತ್ತಾ ಅಂದ.

“ನಿನಗೆ ತಲೆ ಸರಿ ಇದೆಯಾ?” ಅಂದೆ. ಅವನು ತಾಳ್ಮೆಯಿಂದ ವಿವರಿಸಿದ. ಈ ಸಂಗೀತ ಮೋಜಿಗೆ ಹುಟ್ಟಿದ್ದಲ್ಲವಂತೆ. ಹಿಂದೆ ಹೊರದೇಶದಲ್ಲಿ, ಯಾರೂ ಎಲ್ಲೂ ಸೇರಿಸಿಕೊಳ್ಳದವರು, ತಮ್ಮವರನ್ನು ಕಾಯಿಲೆಗೆ ಕಳೆದುಕೊಂಡವರು ವಾರಕ್ಕೊಮ್ಮೆ ಒಂದು ಕತ್ತಲೆ ಹಾಲ್‌ನಲ್ಲಿ ಸೇರಿ ಕುಣಿದು ಬದುಕಿಕೊಂಡರಂತೆ. ಕ್ಲಬ್ಬು ಅಂದರೆ ಅದು. ನಾವು ಈಗ ಮಾಡುತ್ತಿರುವುದೂ ಅದೇ ಅಂದ. ಅವನು ಹೇಳಿದ್ದು ಸುಳ್ಳಿರಲಿಕ್ಕಿಲ್ಲ. ಆದರೆ ಅಲ್ಲಿ ಕುಣಿದವರೂ ಅತ್ತವರೂ ಒಬ್ಬರೇ. ನಮ್ಮದರಲ್ಲಿ ಅತ್ತವಳು ಒಳಕೋಣೆಯಲ್ಲಿದ್ದಳು. ಇದನ್ನು ಅವನಿಗೆ ಹೇಳಿದೆ. “ನೀನು ನನ್ನ ಮೊದಲ ದೊಡ್ಡ ಕೆಲಸವನ್ನು ಕೊಲ್ಲಬೇಕು ಅಂತಿದ್ದೀಯ” ಅಂದ.

ನಿನ್ನೆ ಅವನೇ ತನ್ನ ಪೇಜಿನಿಂದ ಹಾಡನ್ನು ತೆಗೆದ. ನನ್ನೆದುರೇ ತೆಗೆದ. ಇನ್ನು ಎಲ್ಲೂ ಕೇಳಿಸುವುದಿಲ್ಲ. ದೊಡ್ಡವ್ವನಿಗೆ ಗೊತ್ತಾಗುವುದಿಲ್ಲ. ನಾನು ಮಾತು ಕೊಡುತ್ತೇನೆ.

ಅವಳು ಈಗಲೂ ಗುನುಗುತ್ತಾಳಾ?

ರುಚಿತಾ


ಛತ್ರಪತಿ ಸಂಭಾಜಿನಗರ
9 ಸೆಪ್ಟೆಂಬರ್ 2025

ರುಚಿತಾ,

ಅವಳು ಗುನುಗುತ್ತಿದ್ದಳು. ಗಣಪತಿ ಕೂತಷ್ಟು ದಿನವೂ ಪಾರ್ವತಿಬಾಯಿಯವರ ಮನೆಯಲ್ಲಿ ಆರತಿ ಹಾಡಿದಳು, ದನಿ ಬಿಟ್ಟು. ಇಷ್ಟನ್ನು ನಿನಗೆ ಬರೆಯಬೇಕೆಂದು ಕಾಗದ ತೆಗೆದಿಟ್ಟುಕೊಂಡಿದ್ದೆ.

ಶನಿವಾರ ವಿಸರ್ಜನೆ. ಮಧ್ಯಾಹ್ನ ನಮ್ಮ ಓಣಿಯ ಗಣಪತಿ ಹೊರಟಿತು. ಹಿಂದೆ ಲಾರಿಯ ಮೇಲೆ ಆಳೆತ್ತರದ ಸ್ಪೀಕರುಗಳು. ಅವ್ವ ಆರತಿ ತಟ್ಟೆ ಹಿಡಿದು ಗೇಟಿನ ಹತ್ತಿರ ನಿಂತಿದ್ದಳು. ಸಂಗೀತ ಏರಿ ಏರಿ ನಿಂತಿತು, ಆಮೇಲೆ ‘ಏಳೋ’. ಓಣಿಯ ಹುಡುಗರೆಲ್ಲ ಒಟ್ಟಿಗೆ ‘ಏಳೋ’ ಅಂದರು. ಅವರಿಗೆ ಆಗಲೇ ಬಾಯಿಪಾಠ.

“ನಿಮ್ಮ ಹಾಡ್ರೀ ಕಮಲಾಬಾಯಿ! ಅದs ಅಲ್ಲೇನ್ರಿ?” ಅಂತ ಪಾರ್ವತಿಬಾಯಿ ಚಪ್ಪಾಳೆ ತಟ್ಟಿದರು. ಅವ್ವ ಮೊದಲು ನಕ್ಕಳು. ನಾನು ನೋಡಿದೆ, ನಕ್ಕಳು. ನಂತರ ಹಾಡಿನಲ್ಲಿ ಕಂಪನಿ ಬಸ್ಸಿನ ಸಾಲು ಬಂತು.

ತಟ್ಟೆಯನ್ನು ಪಾರ್ವತಿಬಾಯಿಯವರ ಕೈಗೆ ಕೊಟ್ಟು ಗುಂಪಿನೊಳಗೆ ನಡೆದಳು. ನಾನು ತಲುಪುವಷ್ಟರಲ್ಲಿ ಲಾರಿಯ ಹತ್ತಿರ ಹೋಗಿ ಸ್ಪೀಕರಿನ ಮೇಲೆ ಎರಡೂ ಅಂಗೈ ಇಟ್ಟಿದ್ದಳು. ಅದು ಬಡಿದ ಹಾಗೆಲ್ಲ ಅವಳ ಮೈ ಅದುರುತ್ತಿತ್ತು. ಹುಡುಗರು ಅಜ್ಜಿ ಕುಣಿಯುತ್ತಿದ್ದಾಳೆ ಅಂದುಕೊಂಡರು. ಸುತ್ತ ಜಾಗ ಬಿಟ್ಟು, ಸೀಟಿ ಹಾಕಿ, ‘ಆಜಿ! ಆಜಿ!’ ಅಂತ ಕೂಗುತ್ತಾ ಫೋನಿನಲ್ಲಿ ಹಿಡಿದರು. ಆ ಬಿಕ್ಕು ಬಂದಾಗ ಭುಜ ಕುಣಿಸಿ ತೋರಿಸಿದರು. ನೀನು ಬರೆದಿದ್ದೆಯಲ್ಲ, ಹಾಗೇ.

ಎಳೆದುಕೊಂಡು ಮನೆಗೆ ತಂದೆ. ನಲ್ಲಿಯ ಹತ್ತಿರ ಹೋಗಿ ಬಾಯಿ ಮುಕ್ಕಳಿಸಿದಳು. ಆಮೇಲೆ ಹೇಳಿದಳು:

“ಅಂವನ್ನ ಎಬ್ಬಸಾಕ ನಾ ಒಬ್ಬಾಕಿನs ಕೂಗಿದ್ದೆ. ಸಾಲಲಿಲ್ಲೇನೋ ಅಂದಕೊಂಡಿದ್ದೆ. ಈಗ ಊರಿಗೆ ಊರs ಕೂಗತು. ಆದರೂ ಏಳವಲ್ಲ.”

ನನ್ನನ್ನು ಕೇಳಿದಳು, “ನಿನಗ ಗೊತ್ತಿತ್ತು?”

“ಹೂಂ ಅವ್ವಾ.”

“ಯಾವಾಗಿಂದ?”

ಹೇಳಿದೆ. ಅದಾದ ಮೇಲೆ ನನ್ನ ಜೊತೆ ಮಾತಿಲ್ಲ. ಪಾರ್ವತಿಬಾಯಿ ಬಂದರೆ ಒಳಗೆ ಹೋಗುತ್ತಾಳೆ. ರೆಕಾರ್ಡು ಫೋಟೋದ ಪಕ್ಕದಲ್ಲೇ ಇದೆ, ತೆಗೆಯಲು ನನಗೆ ಬಿಡಲಿಲ್ಲ. ಇವತ್ತು ಬೆಳಿಗ್ಗೆ ನಾನು ಬ್ಯಾಂಕಿಗೆ ಹೊರಟಾಗ ಬೆನ್ನು ಮಾಡಿಕೊಂಡೇ ಹೇಳಿದಳು, “ಆ ಹುಡುಗೀಗೆ ಬರಾಕ ಹೇಳು. ಕಾಗದ ಬ್ಯಾಡ. ಒಂದು ಮಾತು ಕೇಳೂದೈತಿ.”

ಎಲ್ಲೂ ಕೇಳಿಸುವುದಿಲ್ಲ ಅಂತ ನೀನು ಮಾತು ಕೊಟ್ಟಿದ್ದೆ.

ಸುಮನ


ನಾಶಿಕ್
13 ಸೆಪ್ಟೆಂಬರ್ 2025

ಸುಮನಕ್ಕಾ,

ಮಾತು ಕೊಟ್ಟಾಗ ನನಗೆ ಗೊತ್ತಿತ್ತು. ಕಾರ್ಯಕ್ರಮಕ್ಕೂ ಮುಂಚೆಯೇ ಉತ್ಕರ್ಷ ಆ ಹಾಡನ್ನು ಮೆರವಣಿಗೆಯ ಡಿಜೆಗಳಿಗೆ ಹಂಚಿದ್ದ. ಅವರ ಲೋಕದಲ್ಲಿ ಹೊಸ ಹಾಡು ಹೀಗೇ ಊರೂರಿಗೆ ಹೋಗುವುದು, ಒಬ್ಬರಿಂದ ಒಬ್ಬರಿಗೆ. ಪೇಜಿನಿಂದ ತೆಗೆದರೆ ಅದು ವಾಪಸು ಬರುವುದಿಲ್ಲ. ನಾಶಿಕ್ ಬಿಟ್ಟು ಹೊರಗೆ ಹೋಗಲಿಕ್ಕಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ನಿನಗೆ ಹೇಳಿದ್ದರೆ ನೀನು ಆವತ್ತು ಒಂದು ದಿನ ಅವಳನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಿರುತ್ತಿದ್ದೆ. ನಿನ್ನ ಸಿಟ್ಟು ಇಳಿಯಲಿ ಅಂತ ನಾನು ಬರೆಯಲಿಲ್ಲ.

ದೊಡ್ಡವ್ವ ಸ್ಪೀಕರಿನ ಮುಂದೆ ನಿಂತ ವೀಡಿಯೋ ಇಲ್ಲಿಗೂ ಬಂದಿದೆ. ‘ಡಾನ್ಸಿಂಗ್ ಆಜಿ’ ಅಂತ ಹೆಸರು. ಉತ್ಕರ್ಷ ಅದನ್ನು ಯಾರಿಗೂ ಕಳಿಸಲಿಲ್ಲ, ಅಷ್ಟು ಮಾಡಿದ. ಮುಂಬೈ ಕಂಪನಿಯವರು ಮಾತ್ರ ನೋಡಿ ಫೋನ್ ಮಾಡಿದರು. ಅವರಿಗೆ ಈಗ ಹಾಡು ಇನ್ನೂ ಬೇಗ ಬೇಕಂತೆ.

ನಾನು ನಿಮ್ಮಲ್ಲಿಗೆ ಹೋಗುತ್ತೇನೆ ಅಂದಾಗ ಅವನು ತಡೆಯಲಿಲ್ಲ. ನಾನು ಬ್ಯಾಗಿಗೆ ಬಟ್ಟೆ ತುಂಬುವುದನ್ನು ಬಾಗಿಲಲ್ಲಿ ನಿಂತು ನೋಡಿದ. “ಒಪ್ಪಿಗೆ ಕಾಗದವನ್ನೂ ಇಟ್ಟುಕೋ. ಒತ್ತಾಯ ಮಾಡಬೇಡ. ಅವರ ಮನಸ್ಸು ಹೇಗಿರುತ್ತೋ, ಒಮ್ಮೊಮ್ಮೆ ಅವರಿಗೇ ಬೇಕು ಅನಿಸಬಹುದು” ಅಂದ. ಎಷ್ಟು ಮೃದುವಾಗಿ ಅಂದ ಅಂದರೆ, ನಾನು ಮದುವೆಯಾದ ಮನುಷ್ಯ ಇವನೇ ಅಂತ ಆಗ ಪೂರ್ತಿ ಗೊತ್ತಾಯಿತು. ಇವನು ಕೆಟ್ಟವನಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಕಾಗದವನ್ನು ಅವನ ಕೈಗೇ ವಾಪಸು ಕೊಟ್ಟೆ. ಅವನು ಅದನ್ನು ಮಡಚಿ ಡ್ರಾಯರಿನಲ್ಲಿ ಜೋಪಾನವಾಗಿ ಇಟ್ಟ. ಅಮ್ಮನಿಗೆ ನಾನು ಇನ್ನೂ ಏನೂ ಹೇಳಿಲ್ಲ. ಹೊಸದಾಗಿ ಮದುವೆಯಾದವರು ಪಿತೃಪಕ್ಷದಲ್ಲಿ ಪ್ರಯಾಣ ಮಾಡಬಾರದು ಅಂತ ಅತ್ತೆಯವರು ಮಾತ್ರ ಎರಡು ಸಲ ಅಂದರು.

ದೊಡ್ಡವ್ವ ಏನು ಕೇಳುತ್ತಾಳೆ ಅಂತ ನೀನು ಬರೆದಿಲ್ಲ, ನಿನಗೂ ಗೊತ್ತಿರಲಿಕ್ಕಿಲ್ಲ. ಅದನ್ನು ಯಾಕೆ ಕೊಟ್ಟಿ, ಯಾಕೆ ಕತ್ತರಿಸಿದಿರಿ ಅಂತ ಕೇಳಿದರೆ ಉತ್ತರ ಇದೆ. ಗೊತ್ತಿರಲಿಲ್ಲ ದೊಡ್ಡವ್ವಾ ಅನ್ನಬಹುದು. ಆದರೆ ಅವಳು ಕೇಳುವುದು ಅದಲ್ಲ ಅಂತ ನನಗೆ ಅನಿಸುತ್ತದೆ. ‘ನೀನೂ ಕುಣಿದೇನು?’ ಅಂತ ಕೇಳುತ್ತಾಳೆ. ಹೂಂ ಅನ್ನಬೇಕು. ಎಲ್ಲರಿಗಿಂತ ಮುಂದೆ ನಿಂತು ಕುಣಿದೆ, ಚೆನ್ನಾಗಿತ್ತು, ನನ್ನ ಜೀವನದಲ್ಲಿ ಅಷ್ಟು ಖುಷಿಯಾಗಿ ಯಾವತ್ತೂ ಇರಲಿಲ್ಲ ಅನ್ನಬೇಕು. ಅವಳ ಮುಂದೆ ಸುಳ್ಳು ಹೇಳಲು ನನಗೆ ಬರುವುದಿಲ್ಲ.

ಉತ್ಕರ್ಷ ಬರುವುದಿಲ್ಲ. ವಾಪಸು ಟಿಕೆಟ್ ತೆಗೆಸಿಲ್ಲ. ನೀನು ಸ್ಟೇಷನ್ನಿಗೆ ಬರಬೇಡ, ಬ್ಯಾಂಕಿಗೂ ರಜೆ ಹಾಕಬೇಡ, ನಾನೇ ಆಟೋ ಮಾಡಿಕೊಂಡು ನೇರ ಅವಳ ಹತ್ತಿರ ಹೋಗುತ್ತೇನೆ. ಬರುವ ಗುರುವಾರ, 18ನೇ ತಾರೀಖು, ತಪೋವನ್ ಎಕ್ಸ್‌ಪ್ರೆಸ್.

ರುಚಿತಾ